ಜಯನಗರದ ತಾರಸಿಗೆ ಬಂದ ಕಡಲ ಹಕ್ಕಿ

ತೊಂಬತ್ತರ ದಶಕದ ಕೊನೆಯ ಒಂದು ಆಷಾಢ. ರಾತ್ರಿಯಿಡೀ ಬೀಸಿದ ಗಾಳಿ ಬೆಳಗ್ಗೆ ತುಸು ತಗ್ಗಿತ್ತು. ಜಯನಗರದ ನಮ್ಮ ಮನೆಯ ತಾರಸಿಗೆ ಬಟ್ಟೆ ಒಣಹಾಕಲು ಹೋದಾಗ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಒಂದು ಹಕ್ಕಿ ಕೂತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಬಾಲ ಕತ್ತರಿಯಂತೆ ಸೀಳು. ಹತ್ತಿರ ಹೋದರೂ ಹಾರಲಿಲ್ಲ.

ಅತ್ತೆಯನ್ನು ಕೂಗಿದೆ. ಅವರು ಮಲ್ಪೆ ಕಡೆಯ ಮೀನುಗಾರರ ಮಗಳು. ಮದುವೆಯಾಗಿ ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮಂಡಿನೋವೆಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದವರು ಅಂದು ಹತ್ತಿದರು.

"ಇದು ಕಡಲಿನದ್ದು ಮಾರಾಯ್ತಿ! ನಮ್ಮೂರೆದುರಿನ ಬಂಡೆ ಮೇಲೆ ಸಂಜೆಯಾದ್ರೆ ಬಂದು ಕೂರ್ತಿದ್ದವು. ಬಂಡೆಯೇ ಕಾಣ್ತಿರ್ಲಿಲ್ಲ."

ಹಕ್ಕಿಗಳ ಹುಚ್ಚಿದ್ದ ಪಕ್ಕದ ಮನೆಯ ಮೇಷ್ಟ್ರು ಓಡಿ ಬಂದರು. "ಅಮ್ಮ, ಇದು ದಡದ ಹತ್ರ ಬರೋದೇ ಅಪರೂಪ. ನೀವು ನೋಡಿದ್ದು ಯಾವ ತಿಂಗಳಲ್ಲಿ?" ಎಂದು ಕೇಳಿದರು.

"ತಿಂಗಳು ಯಾರಿಗೆ ನೆನಪು? ಬಂಗುಡೆ ಮೀನು ಬರುವ ಹೊತ್ತಿಗೆ. ಅಪ್ಪನ ದೋಣಿ ಹಿಂದೆಯೇ ಬರ್ತಿದ್ದವು," ಎಂದರು ಅತ್ತೆ. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ತವರಿನ ಬಗ್ಗೆ ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ.

ಮೇಷ್ಟ್ರು ಕರೆತಂದ ಪಶುವೈದ್ಯರು, ರೆಕ್ಕೆ ಮುರಿದಿಲ್ಲ, ದಣಿದಿದೆ ಅಷ್ಟೆ ಎಂದರು. ಅತ್ತೆ ಬೂತಾಯಿ ಮೀನು ತರಿಸಿ, ಚೂರು ಮಾಡಿ ಕೊಕ್ಕಿಗೆ ಹಿಡಿದರು. ಒಂದೆರಡು ದಿನ ಅದು ನಮ್ಮ ಬಚ್ಚಲಲ್ಲೇ ಇತ್ತು.

"ಇಲ್ಲೇ ಯಾವ್ದಾದ್ರೂ ಕೆರೆಗೆ ಬಿಡೋಣ್ವಾ ಅತ್ತೆ?" ಎಂದೆ.

"ಕೆರೆಯಲ್ಲಿ ಅದಕ್ಕೆಂತದು ಕೆಲಸ? ನಾನೇ ಕರ್ಕೊಂಡು ಹೋಗ್ತೇನೆ."

ಅಣ್ಣ ತೀರಿಹೋದ ಮೇಲೆ ಒಮ್ಮೆಯೂ ತವರಿಗೆ ಹೋಗದಿದ್ದವರು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಜೊತೆಗೆ ನಾನೂ ಹೊರಟೆ.

ಅವರೂರಿನ ಕಡಲ ದಡದಲ್ಲಿ, ಮರಳಿನ ಮೇಲೆ ಪೆಟ್ಟಿಗೆ ತೆರೆದಾಗ ಹಕ್ಕಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು. ಆಮೇಲೆ ಗಾಳಿಗೆ ರೆಕ್ಕೆ ಬಿಚ್ಚಿ, ಅಲೆಗಳ ಮೇಲೆ ತಗ್ಗಾಗಿ ಹಾರುತ್ತ ಕಣ್ಮರೆಯಾಯಿತು. ದೂರದ ಬಂಡೆ ಖಾಲಿಯಿತ್ತು.

"ಈಗ ಅವು ಬರುದಿಲ್ವಾ?" ಎಂದು ಅತ್ತೆ, ತವರುಮನೆಯಿಂದ ಜೊತೆಗೆ ಬಂದಿದ್ದ ಅಣ್ಣನ ಸೊಸೆಯನ್ನು ಕೇಳಿದರು.

"ನಾನು ಈ ಮನೆಗೆ ಬಂದ ಮೇಲೆ ಒಂದೂ ನೋಡ್ಲಿಲ್ಲ ಅತ್ತೆ."

ಅತ್ತೆ ಸೀರೆಯ ಅಂಚು ಒದ್ದೆಯಾಗುತ್ತಿದ್ದರೂ ನೀರಿನಲ್ಲೇ ನಿಂತಿದ್ದರು. ಮರುದಿನ ನಾನು ಹೊರಟಾಗ ಅವರು ತಮ್ಮ ಬ್ಯಾಗು ಕಟ್ಟಿರಲಿಲ್ಲ.

"ನೀನು ಹೋಗು. ನಾನು ಸ್ವಲ್ಪ ದಿನ ಇದ್ದು ಬರ್ತೇನೆ," ಎಂದರು.