ಕಾಯಲಾರದ ಗೂಡು

ನನ್ನ ಸೋದರಮಾವ ಮಾತಾಡಲು ನಿಂತರೆ ಬಸ್ಸಿಗೆ ಹೊರಟವರೂ ನಿಂತು ಕೇಳುತ್ತಿದ್ದರು. ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ಕೊಂಡು, ಮಿಷನ್ನಿನಲ್ಲಿ ಹುರಿ ಹಾಕಿ ನೇಯುವವರಿಗೆ ಮಾರುವುದು ಅವನ ಕಸುಬು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಮದುವೆ ಮಾಡಿ, ಅದೇ ಕಡೆಯ ಈ ಹಳ್ಳಿಗೆ ಕಳಿಸಿದವನು ಅವನೇ. ಅವನ ಬಗ್ಗೆ ಯಾರಾದರೂ ತುಟಿ ಎರಡು ಮಾಡಿದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಅದು ತೊಂಬತ್ತರ ದಶಕ. ಸರ್ಕಾರ ಹೊರದೇಶದ ಸರಕಿಗೆ ಬಾಗಿಲು ತೆರೆದಿತ್ತು. ಚೀನಾದ ರೇಷ್ಮೆ ನೂಲು ಅಗ್ಗಕ್ಕೆ ಬಂದು ಬೀಳತೊಡಗಿ, ನಾವು ಹುಳು ಸಾಕಿ ತೆಗೆದ ಗೂಡಿನ ಬೆಲೆ ನೆಲ ಕಚ್ಚಿತು. ಇದರ ವಿರುದ್ಧ ಊರೂರಲ್ಲಿ ಹೋರಾಟ ಸಮಿತಿ ಆಯಿತು, ಮಾವ ನಮ್ಮ ಕಡೆಗೆಲ್ಲ ಮುಂದಾಳಾದ. ಒಂದು ಸಂಜೆ ನಮ್ಮೂರ ಅರಳಿಕಟ್ಟೆಯ ಮೇಲೆ ನಿಂತು ಗುಡುಗಿದ.

"ಚೀನಾ ನೂಲು ನಿಲ್ಲೋವರ್ಗೂ ಒಂದು ಗೂಡೂ ಮಾರ್ಕೆಟ್ಟಿಗೆ ಹೋಗ್ಬಾರ್ದು! ನಮ್ಮೂರಲ್ಲಿ ನಾವೂ ಮಿಷನ್ ನಿಲ್ಲಿಸ್ತೀವಿ!"

ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ಹಗಲೂ ರಾತ್ರಿ ಸೊಪ್ಪು ಹಾಕಿ ಹುಳು ಸಾಕುವವರು ನಾವು. ಗೂಡು ಬಿಡಿಸಿದ ಮೇಲೆ ಬೇಗ ಮಾರದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬೀಳುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ನಮ್ಮತ್ತೆ ಕೂತಲ್ಲಿಂದಲೇ ಕೇಳಿದರು.

"ಮಿನಿಸ್ಟ್ರು ಮಾತುಕತೆಗೆ ಕರೆಯೋವರ್ಗೂ ಹುಳ ಸುಮ್ನಿರ್ತದಾ ಬೀಗ್ರೇ?"

"ಅದಕ್ಕೂ ದಾರಿ ಐತೆ ಬೀಗಿತ್ತೀ. ವ್ಯಾನ್ ಕಳಿಸ್ತೀನಿ. ಗೂಡನ್ನ ನಮ್ಮೂರಿಗೆ ತರಿಸಿ ಆವೀಲಿಟ್ಟು ಹುಳ ಸಾಯಿಸಿ ಒಣಗಿಸಿದ್ರೆ ತಿಂಗಳುಗಟ್ಲೆ ಕೆಡಾಕಿಲ್ಲ."

ಮಾರನೆಯ ದಿನ ಬೀದಿಯ ಹೆಂಗಸರು ಬಂದದ್ದು ನನ್ನ ಹತ್ತಿರ. ಏನಮ್ಮೀ, ನಂಬಬಹುದಾ ಎಂದರು. ನನಗೆ ರೇಗಿತು. "ನಮ್ಮಾವ ಮಾತು ತಪ್ಪೋನಲ್ಲ. ವ್ಯಾನ್ ಬರದಿದ್ರೆ ನನ್ನ ಕೇಳಿ" ಎಂದೆ. ಅಷ್ಟರ ಮೇಲೆ ಇಡೀ ಬೀದಿಯ ಗೂಡು ಮನೆಯೊಳಗೇ ಉಳಿಯಿತು. ಅತ್ತೆಯೂ ನಮ್ಮದನ್ನು ನಡುಮನೆಯಲ್ಲಿ ತೆಳ್ಳಗೆ ಹರವಿದರು.

ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಗಟ್ಟಿಯಾಗಿ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಚಿಟ್ಟೆಯಾಗುವ ಹೊತ್ತು ಹತ್ತಿರ ಬಂದಂತೆ ಆ ಸದ್ದು ಮೆತ್ತಗಾಗುತ್ತದೆ. ಅತ್ತೆ ದಿನಾ ಬೆಳಿಗ್ಗೆ ಒಂದೊಂದು ಗೂಡು ಎತ್ತಿ ಕಿವಿಗಿಟ್ಟು, ನನ್ನ ಕಡೆ ನೋಡಿ, ಮತ್ತೆ ಇಡುತ್ತಿದ್ದರು. ವ್ಯಾನಿನ ಸುಳಿವಿರಲಿಲ್ಲ. ಸದ್ದು ಮೆತ್ತಗಾದ ದಿನ ನಾನು ಮೊದಲ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ.

ಮಾವನ ಬೀದಿಯ ತಿರುವಿನಲ್ಲೇ ಮಿಷನ್ನುಗಳ ಗದ್ದಲ ಕೇಳಿಸಿತು. ಅವನವು ನಿಂತೇ ಇರಲಿಲ್ಲ. ಅಂಗಳಕ್ಕೆ ಕಾಲಿಟ್ಟರೆ ಬಿದಿರು ಗಳದ ತುಂಬ ನೂಲಿನ ಲಡಿ ಇಳಿಬಿದ್ದಿದ್ದವು, ಎಲ್ಲವೂ ಅಚ್ಚ ಬಿಳಿ. ನಮ್ಮ ಕಡೆಯ ಗೂಡಿನ ನೂಲು ಹಳದಿ. ರೇಷ್ಮೆ ಸಾಕಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾವನ ಹೆಂಡತಿ ನನ್ನನ್ನು ಕಂಡವಳೇ ಕಾಫಿ ತರುವ ನೆಪ ಮಾಡಿ ಒಳಗೆ ಹೋದಳು.

"ಇದು ಚೀನಾದ್ದಲ್ವಾ ಮಾವ?"

"ನಿಲ್ಸಿದ್ರೆ ನೇಯೋರು ಬೇರೆ ಕಡೆ ಹೋಗ್ಬಿಡ್ತಾರೆ ಮಗಾ. ಹೋರಾಟ ಬೇರೆ, ಕಸುಬು ಬೇರೆ. ಈಗ ನೋಡು, ಗೂಡು ಬರ್ತಿಲ್ಲ ಅಂತ ನೂಲಿಗೆ ಒಳ್ಳೆ ರೇಟು ಬಂದೈತೆ."

ಹೇಳಿದ್ದೇನು ಎಂದು ಅವನಿಗೇ ಹೊಳೆದಂತಿರಲಿಲ್ಲ. ನಮ್ಮ ಗೂಡು ನಡುಮನೆಯಲ್ಲಿ ಕೊಳೆಯುತ್ತಿದ್ದುದರಿಂದಲೇ ಅವನ ಅಗ್ಗದ ನೂಲಿಗೆ ಬೆಲೆ ಏರಿತ್ತು.

"ವ್ಯಾನ್ ಯಾಕೆ ಕಳಿಸ್ಲಿಲ್ಲ?"

"ಯಾವ ವ್ಯಾನು?" ಎಂದ.

ಸುಳ್ಳು ಹೇಳಿದ್ದರೂ ಸಹಿಸುತ್ತಿದ್ದೆ. ಡ್ರೈವರ್ ಸಿಗಲಿಲ್ಲ, ಟೈರು ಹೋಯಿತು, ಏನಾದರೂ. ಆದರೆ ಅವನು ನಿಜಕ್ಕೂ ಮರೆತಿದ್ದ. ನಮ್ಮ ಬೀದಿಯಷ್ಟೂ ಹೆಂಗಸರ ಬೆಳೆ ಅವನಿಗೆ ಭಾಷಣದ ನಡುವೆ ಬಂದುಹೋದ ಒಂದು ಮಾತಾಗಿತ್ತು. ಕಾಫಿ ಮುಟ್ಟದೆ ಎದ್ದು ಬಂದೆ.

ಊರಿಗೆ ಬರುವಷ್ಟರಲ್ಲಿ ನಡುಮನೆ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತ ಹರಿದಾಡುತ್ತಿದ್ದವು. ಅವಕ್ಕೆ ಹಾರಲೂ ಬಾರದು. ನಾನು ಮನೆಮನೆಗೂ ಹೋಗಿ ಕಂಡದ್ದನ್ನೆಲ್ಲ ಹೇಳಿದೆ, ಮಾವ ಅನ್ನುವುದನ್ನೂ ನೋಡದೆ ಬೈದೆ. ಹೆಂಗಸರು ಕೇಳಿಸಿಕೊಂಡು, ತೂತಾದ ಗೂಡನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದರು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಮುಂದಿನ ಬೆಳೆಗೆ ಎಲ್ಲರಿಗಿಂತ ಮೊದಲು ನಮ್ಮ ಹುಳು ಹಣ್ಣಾಯಿತು. ಹಣ್ಣಾದ ಹುಳು ಸೊಪ್ಪು ಬಿಟ್ಟು ಗೂಡು ಕಟ್ಟಲು ತಲೆ ಎತ್ತುತ್ತದೆ. ಆ ಹೊತ್ತಿಗೆ ಒಂದೊಂದನ್ನೂ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ತಟ್ಟೆಯಲ್ಲೇ ಕಸದ ಜೊತೆ ನೂಲು ಸುತ್ತಿ ಹಾಳಾಗುತ್ತದೆ. ಅಂಥ ದಿನ ಒಬ್ಬರ ಮನೆಗೆ ಬೀದಿಯೆಲ್ಲ ಬರುವುದು ನಮ್ಮಲ್ಲಿ ಮುಯ್ಯಿ. ಕರೆಯುವ ಪದ್ಧತಿಯೇ ಇಲ್ಲ, ಬಂದುಬಿಡುತ್ತಾರೆ. ಆವತ್ತು ಯಾರೂ ಬರಲಿಲ್ಲ. ನಾನು, ನನ್ನ ಗಂಡ, ಅತ್ತೆ ಮೂವರೇ ಬೆನ್ನು ಬಗ್ಗಿಸಿ ಆರಿಸುತ್ತಿದ್ದೆವು.

ಹೊರಗೆ ಜೀಪಿನ ಮೈಕು ಕೂಗಿತು. ಮಾವನದೇ ದನಿ. ದೇವನಹಳ್ಳಿಯಲ್ಲಿ ರಸ್ತೆ ತಡೆಯಂತೆ, ರೈತ ತಾಯಂದಿರೆಲ್ಲ ಬರಬೇಕಂತೆ. ಬಾಗಿಲಿಗೆ ಬಂದು ನೋಡಿದೆ. ಅದೇ ಹೆಂಗಸರು, ಎಲ್ಲ ತಿಳಿದವರು, ಜೀಪಿನ ಹಿಂದೆ ನಿಂತಿದ್ದ ಲಾರಿ ಹತ್ತುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯಾಕೆಯ ಕೈ ಹಿಡಿದು ನಿಲ್ಲಿಸಿದೆ.

"ಮೋಸ ಮಾಡಿದ್ದು ಅವನು ಕಣಕ್ಕಾ. ಅವನ ಹಿಂದೆ ಹೋಗ್ತೀರಿ, ನಮ್ಮನೆಗೆ ಬರಾಕಿಲ್ವಾ?"

ಆಕೆ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಚೀನಾ ನೂಲು ನಿಲ್ಬೇಕಲ್ವಾ, ಅದಕ್ಕೆ ಹೋಗ್ತೀವಿ. ಅವನು ಲೀಡ್ರು ಕಣಮ್ಮೀ, ಅವನ ಮಾತು ಯಾರು ನಂಬಿದ್ರು? ನಾವು ನಂಬಿದ್ದು ನಿನ್ನ."