ಹೊಳೆಬದಿಯ ಮೂಸಾಕ ಮತ್ತು ನೀರುನಾಯಿ ಸಂಸಾರ

ಅರಂತೋಡಿನ ಮೂಸಕುಂಞಿ ಯಾನೆ ಮೂಸಾಕರ ಬಗ್ಗೆ ನೆರೆಕರೆಯವರು ಹೇಳುತ್ತಿದ್ದದ್ದು ಒಂದೇ ಮಾತು: "ಮೂಸಾಕ ರಸ್ತೆ ಬದಿಗೆ ಮನೆ ಮಾಡುದುಂಟಲ್ಲ, ಅದು ಪಯಸ್ವಿನಿ ಹೊಳೆ ತಾನೇ ಎದ್ದು ರಸ್ತೆಗೆ ಹೋದ ದಿನ."

ತಮಾಷೆಗೆ ಹೇಳಿದ್ದು, ಸರಿ. ಆದರೆ ಒಂದು ಆಟಿ ತಿಂಗಳ ಜಡಿಮಳೆಗೆ ಹೊಳೆ ನಿಜಕ್ಕೂ ಎದ್ದು ಅವರ ಜಗಲಿಗೆ ಬಂತು. ಮೂಸಾಕ ಮಂಚದ ಮೇಲೆ ಮಂಚ ಇಟ್ಟು, ಅದರ ಮೇಲೆ ಹೆಂಡತಿ ನೆಬೀಸರನ್ನು ಕೂರಿಸಿ, ತಾನು ಹೊಸ್ತಿಲಲ್ಲಿ ನಿಂತು, "ನೆಂಟರು ಬಂದ್ರೆ ಮನೆ ಬಿಟ್ಟು ಓಡುದುಂಟಾ?" ಎಂದು ಕೇಳಿದರಂತೆ. ನೀರು ಇಳಿಯಿತು. ನೆಬೀಸರ ಸಿಟ್ಟು ಇಳಿಯಲಿಕ್ಕೆ ಮಾತ್ರ ಉಪವಾಸದ ತಿಂಗಳು ಬರಬೇಕಾಯಿತು.

ಮೇಲೆ, ರಸ್ತೆ ಬದಿಯಲ್ಲಿ, ಕತಾರಿನಲ್ಲಿರುವ ಮಗ ಶಮೀರ್ ಕಟ್ಟಿಸಿದ ಮನೆ ಇತ್ತು. ಸೊಸೆ ಜುವೈರಿಯಾ ಅಲ್ಲಿದ್ದಳು. ಅತ್ತೆ ಮಾವನಿಗೆಂದು ಒಂದು ಕೋಣೆಗೆ ಪೈಂಟ್ ಬಳಿದು, ಫ್ಯಾನ್ ಹಾಕಿಸಿ, ಬಾಗಿಲು ತೆರೆದೇ ಇಟ್ಟಿದ್ದಳು. ಮಂಡಿನೋವಿನ ನೆಬೀಸ ರಸ್ತೆಗೆ ಹೋಗಲು ಕಡಿದಾದ ದರೆ ಹತ್ತುವಾಗೆಲ್ಲ ಆ ಕೋಣೆಯ ಮಾತು ತೆಗೆಯುತ್ತಿದ್ದರು. ಮೂಸಾಕ ಆಗ ಸೀದಾ ಮೀನಿನ ಮಾತಿಗೆ ತಿರುಗುತ್ತಿದ್ದರು.

ಮೂಸಾಕರದ್ದು ಮೀನಿನ ಕೆಲಸ. ಬೆಳಿಗ್ಗೆ ಮಂಗಳೂರಿಂದ ಬರುವ ಪಿಕಪ್ ರಸ್ತೆಯಲ್ಲಿ ಐಸಿನ ಪೆಟ್ಟಿಗೆ ಇಳಿಸಿ ಹೋಗುತ್ತದೆ. ಅಲ್ಲೇ ಕೂತು ಮಾರಿದರೆ ಅರ್ಧ ಗಂಟೆಯ ಕೆಲಸ. ಇವರು ಅದನ್ನು ತಲೆ ಮೇಲೆ ಹೊತ್ತು ಹೊಳೆಗೆ ಇಳಿಯುವುದು, ಗಿರಾಕಿಗಳು ಹಿಂದಿನಿಂದ ಇಳಿಯುವುದು. ಕೇಳಿದರೆ, "ಹೊಳೆ ನೀರಲ್ಲಿ ತೊಳೆದ ಬೂತಾಯಿ ಮೀನಿನ ರುಚಿಯೇ ಬೇರೆ" ಎನ್ನುವರು. ಬೂತಾಯಿಗೆ ಆ ವಿಷಯ ಗೊತ್ತಿತ್ತೋ ಇಲ್ಲವೋ.

ನಿಜವಾದ ಕಾರಣ ಮನೆಯ ಹಿಂದಿನ ಬಂಡೆಗಳ ಸಂದಿಯಲ್ಲಿತ್ತು. ಅಲ್ಲಿ ಒಂದು ನೀರುನಾಯಿ ಸಂಸಾರ. ಸಣ್ಣ ಜಾತಿಯವು, ಬೆಕ್ಕಿಗಿಂತ ತುಸು ಉದ್ದ, ಚಪ್ಪಟೆ ತಲೆ, ಹಳೇ ಪೊಲೀಸರ ಹಾಗೆ ಮೀಸೆ. ನೀರಿನಡಿಯ ಕಲ್ಲುಗಳನ್ನು ಅವು ಬೆರಳಿನಿಂದ ತಡವಿ ನೋಡುವುದು ಥೇಟ್ ನೆಬೀಸ ಅಕ್ಕಿ ಆರಿಸಿದ ಹಾಗೆಯೇ. ಮೂಸಾಕ ಸಂಜೆ ಸಂಜೆ ಬಂಗುಡೆ ಮೀನಿನ ತಲೆಗಳನ್ನು ಚಪ್ಪಟೆ ಬಂಡೆಯ ಮೇಲೆ ಸಾಲಾಗಿ ಇಟ್ಟು ಬರುತ್ತಿದ್ದರು. ಬೆಳಿಗ್ಗೆ ನೋಡಿದರೆ ಬಂಡೆ ತೊಳೆದಿಟ್ಟ ಹಾಗೆ ಖಾಲಿ.

"ನಮ್ಮವರು ಉಂಡು ಹೋದ್ರು" ಎನ್ನುವರು, ಮದುವೆ ಊಟ ಹಾಕಿಸಿದವರ ಹಾಗೆ.

ಹೊಳೆಯೆಂದರೆ ತಿನ್ನುವವರೂ ಇದ್ದಾರೆ, ತಿನ್ನಿಸಿಕೊಳ್ಳುವವರೂ ಇದ್ದಾರೆ. ಒಂದು ವರ್ಷ ಹೆಬ್ಬಾವು ಬಂದು ಮರಿಯೊಂದನ್ನು ನುಂಗಿತು. ದೊಡ್ಡ ನೀರುನಾಯಿಗಳೆಲ್ಲ ಸೇರಿ ಸಿಳ್ಳೆ ಹಾಕಿ ಅದರ ಬಾಲಕ್ಕೆ ಕಚ್ಚಿದವು, ಆದರೆ ಕೆಲಸ ಮುಗಿದಿತ್ತು. ಮೂಸಾಕ ಆ ದಿನ ಚಹಾ ಕುಡಿಯಲಿಲ್ಲ. ಆದರೂ ಹೆಬ್ಬಾವಿನ ಮೇಲೆ ಕಲ್ಲು ಎತ್ತಲಿಲ್ಲ. ಅದಕ್ಕೆ ಹಸಿವಾಗಿತ್ತು, ತಿಂದಿತು, ಹೊಟ್ಟೆ ಭಾರ ಮಾಡಿಕೊಂಡು ಬಿದಿರಿನ ಬುಡದಲ್ಲಿ ಮಲಗಿತು. ಮಳೆ ಹಿಡಿಯುವವರೆಗೂ ಯಾರ ತಂಟೆಗೂ ಬರಲಿಲ್ಲ. ನೀರುನಾಯಿ ಸಂಸಾರ ಸ್ವಲ್ಪ ದಿನ ಹೊಳೆಯ ಮೇಲಿನ ಗುಂಡಿಗೆ ಹೋಗಿ ಮತ್ತೆ ಬಂತು.

ಊರ ನಾಯಿಗಳ ಲೆಕ್ಕವೇ ಬೇರೆ. ಹೆದ್ದಾರಿಯಲ್ಲಿ ಹೋಗುವವರು ಬೇಡವಾದ ಮರಿಗಳನ್ನು ಅರಂತೋಡಿನಲ್ಲಿ ಇಳಿಸಿ ಹೋಗುವುದು ಹೊಸತೇನಲ್ಲ. ಅವು ಬೆಳೆದು ಗುಂಪಾದವು. ಹೊಳೆಯ ಆಚೆ ಬದಿಯ ಕೃಷಿಕ ಅಚ್ಚುತ ಗೌಡರು ಹಂದಿ ಓಡಿಸಲು ಸಾಕಿದ ನಾಯಿ ಟೈಗರ್ ಆ ಗುಂಪಿಗೆ ಯಜಮಾನನಾಯಿತು. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದ ಮೇಲೆ ಗುಂಪು ಆಚೆಯಿಂದ ಈಚೆಗೆ ನಡೆದೇ ಬರುತ್ತಿತ್ತು.

ಈ ಮಾಘದಲ್ಲಿ ಒಂದು ಬೆಳಿಗ್ಗೆ ಮೂಸಾಕ ಸುಬಹಿ ನಮಾಜು ಮುಗಿಸಿ ಹೊರಗೆ ಬಂದಾಗ ಹೊಳೆಯಲ್ಲಿ ಸಿಳ್ಳೆಯೋ ಸಿಳ್ಳೆ. ಓಡಿದರು. ಬಂಡೆಯ ಮೇಲೆ ಒಂದು ಮರಿ ಸತ್ತು ಬಿದ್ದಿತ್ತು. ಒಂದು ತುಂಡೂ ತಿಂದಿರಲಿಲ್ಲ, ಕಚ್ಚಿ ಕೊಡವಿ ಬಿಸಾಡಿದ್ದು ಅಷ್ಟೆ. ಇನ್ನೊಂದು ಟೈಗರಿನ ಬಾಯಲ್ಲಿತ್ತು. ಮೂಸಾಕ ಕೈಗೆ ಸಿಕ್ಕಿದ ಐಸಿನ ಪೆಟ್ಟಿಗೆಯ ಮುಚ್ಚಳವನ್ನೇ ಬೀಸಿದರು. ಟೈಗರ್ ಬಾಯಿ ಬಿಟ್ಟಿತು. ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಸಂದಿಯ ಬಾಯಿಗಿಟ್ಟರು. ಒಳಗಿನಿಂದ ತಾಯಿ ಬಂದು ಕುತ್ತಿಗೆ ಹಿಡಿದು ಎಳೆದುಕೊಂಡಿತು. ಹೋಗುವ ಮೊದಲು ಮೂಸಾಕರ ಹೆಬ್ಬೆರಳಿಗೂ ಒಂದು ಕಚ್ಚಿತು.

ಮನೆಗೆ ಬಂದರೆ ಬಾಗಿಲಿಗೆ ಅಡ್ಡ ನೆಬೀಸ.

"ಅಲ್ಲೇ ನಿಲ್ಲಿ. ನಾಯಿ ಮುಟ್ಟಿದ್ದಲ್ಲ? ಏಳು ಸಲ ತೊಳೀರಿ, ಒಂದು ಸಲ ಮಣ್ಣು ಹಾಕಿ."

"ಅದು ನಾಯಿ ಅಲ್ಲ ಮಾರಾಯ್ತಿ, ನೀರುನಾಯಿ."

"ನೀರಿನದ್ದಾದ್ರೂ ನಾಯಿಯೇ ಅಲ್ವಾ? ಕಾಡುಕೋಳಿ ಕೋಳಿ ಅಲ್ವಾ?"

"ಹಾಗಾದ್ರೆ ನೀನು ಕುದುರೆಮುಖಕ್ಕೆ ಹೋಗಿ ಹುರುಳಿ ಹಾಕಿ ಬಾ."

ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಕೊನೆಗೆ ಮಸೀದಿಯ ಉಸ್ತಾದರಿಗೆ ಫೋನು ಹೋಯಿತು, ಸ್ಪೀಕರಿನಲ್ಲಿ.

"ಮೂಸಾಕ, ಹೆಸರಲ್ಲಿ ನಾಯಿ ಇದ್ದ ಮಾತ್ರಕ್ಕೆ ನಾಯಿ ಆಗುದಿಲ್ಲ" ಎಂದರು ಉಸ್ತಾದರು. ಮೂಸಾಕ ಹುಬ್ಬು ಹಾರಿಸಿ ಹೆಂಡತಿಯನ್ನು ನೋಡಿದರು. "ಆದ್ರೆ ಒಂದು ಹೇಳಿ. ಅದು ನಿಮ್ಮ ಕೈಗೆ ಬರುವ ಮೊದಲು ಎಲ್ಲಿತ್ತು?"

"ಅಚ್ಚುತಣ್ಣನ ಟೈಗರಿನ ಬಾಯಲ್ಲಿ."

"ಮರಿಗೆ ಜೊಲ್ಲು ತಾಗಿತ್ತಾ?"

"ಅದ್ರಲ್ಲೇ ಮಿಂದಿತ್ತು."

"ಹಾಗಾದ್ರೆ ನಿಮ್ಮ ಮನೆಯವರು ಹೇಳಿದ್ದೇ ಸರಿ, ನಾಯಿ ಜೊಲ್ಲಿಗೆ ಏಳು ಸಲ ತೊಳೀಬೇಕು."

ನೆಬೀಸ ಆಗಲೇ ತೆಂಗಿನ ಗೆರಟೆಯಲ್ಲಿ ಮಣ್ಣು ಹಿಡಿದು ನಿಂತಿದ್ದರು.

ಕೈ ತೊಳೆದ ಮೂಸಾಕ ಹೊಳೆ ದಾಟಿ ಅಚ್ಚುತ ಗೌಡರ ಅಂಗಳಕ್ಕೆ ಹೋದರು. ಸತ್ತ ಮರಿಯನ್ನು ಬಾಳೆಲೆಯಲ್ಲಿ ಸುತ್ತಿ ಒಯ್ದಿದ್ದರು.

"ನಮ್ಮ ಟೈಗರ್ ಅಂಥದ್ದಲ್ಲ ಮೂಸಾಕ. ಹಾಲು ಅನ್ನ ತಿಂದು ಮಲಗುವ ಪಾಪದ್ದು."

"ನಾನೂ ಅದೇ ಹೇಳುದು ಅಚ್ಚುತಣ್ಣ. ಹಸಿದದ್ದಾಗಿದ್ರೆ ತಿನ್ತಿತ್ತು. ಇದು ಆಡಿದ್ದು."

ಗೌಡರು ಎಲೆ ಬಿಡಿಸಿ ನೋಡಿದರು. ಆಮೇಲೆ ಟೈಗರಿನ ಮೂತಿ ನೋಡಿದರು. ಕಂದು ರೋಮ ಇನ್ನೂ ಅಂಟಿತ್ತು. ಕೊಟ್ಟಿಗೆಗೆ ಹೋಗಿ ಸರಪಳಿ ತಂದರು. "ತೋಟದ ಒಳಗೇ ಕಟ್ತೇನೆ. ಹಂದಿ ಬಂದ್ರೆ ಬೊಗಳ್ಲಿಕ್ಕೆ ಅಷ್ಟು ಸಾಕು. ಉಳಿದವು ನನ್ನವಲ್ಲ ಮಾರಾಯ್ರೆ, ಅವು ನನ್ನ ಮಾತು ಕೇಳುದಿಲ್ಲ."

ಉಳಿದವು ಯಾರ ಮಾತನ್ನೂ ಕೇಳಲಿಲ್ಲ. ಮರುದಿನವೂ ಬಂದವು. ಸಂದಿಯಲ್ಲಿ ಉಳಿದದ್ದು ಒಂದೇ ಮರಿ. ಈಜಲು ಪೂರ್ತಿ ಕಲಿತಿರಲಿಲ್ಲ. ಮೂಸಾಕ ಕೋಲು ಹಿಡಿದು ಬಂಡೆಯ ಮೇಲೆ ಕೂತರು. ಗಿರಾಕಿಗಳು ಮೀನನ್ನು ತಾವೇ ಆರಿಸಿ, ತಾವೇ ತೂಗಿಕೊಂಡು ಹೋಗಬೇಕಾಯಿತು.

ಗಂಜಿ ತಂದ ನೆಬೀಸ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನೀರುನಾಯಿಗಳು ಹೇತು ಹೋದಲ್ಲಿ ಕಡ್ಡಿಯಿಂದ ಕೆದಕಿದರು. ಎಷ್ಟೋ ವರ್ಷ ಏಡಿ ಬಿಡಿಸಿದ ಕೈ ಅದು.

"ಇದ್ರಲ್ಲಿ ಬಂಗುಡೆ ಮುಳ್ಳು ಎಲ್ಲುಂಟು ತೋರ್ಸಿ. ಎಲ್ಲ ಏಡಿ ಚಿಪ್ಪು."

ಮೂಸಾಕ ಬಗ್ಗಿ ನೋಡಿದರು. ಹೌದು. ಮಗ್ಗುಲಿನದ್ದನ್ನು ಕೆದಕಿದರು. ಅದೂ ಚಿಪ್ಪು.

"ಹಾಗಾದ್ರೆ ನಾನು ಇಷ್ಟು ವರ್ಷ ಬಡಿಸಿದ್ದು ಯಾರಿಗೆ?"

ನೆಬೀಸ ಎದುರು ದಡದ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ನಾಯಿಗಳು ಸಾಲಾಗಿ ಕೂತು, ಚಪ್ಪಟೆ ಬಂಡೆಯನ್ನೇ ನೋಡುತ್ತಿದ್ದವು, ಎಲೆ ಹಾಕಲು ಯಾಕೆ ತಡ ಎಂದು ಕೇಳುವವರ ಹಾಗೆ.

ಮೂಸಾಕ ಬಂಡೆಯ ಮೇಲೆ ಮೀನಿನ ತಲೆ ಇಡುವುದನ್ನು ಅಂದೇ ನಿಲ್ಲಿಸಿದರು. ಮೀನಿನ ಕಸವನ್ನು ಗುಂಡಿ ತೋಡಿ ಹೂತರು. ನಾಯಿಗಳು ಅವರಿಗಿಂತ ಚೆನ್ನಾಗಿ ತೋಡಿದವು. ಮುಳ್ಳುಬೇಲಿ ಕಟ್ಟಿದರು, ಹೊಳೆಯ ಕಡೆಯಿಂದ ಬಂದವು. ಅಂಗಳದ ಮಣ್ಣಿಗೇ ಮೀನಿನ ವಾಸನೆ ಹಿಡಿದಿತ್ತು, ಮೀನಿನ ನೀರು ದಿನವೂ ಅದೇ ಬಂಡೆಯ ಬುಡಕ್ಕೆ ಹರಿಯುತ್ತಿತ್ತು. ಮನೆಯಲ್ಲಿ ಮೀನಿರುವವರೆಗೆ ನಾಯಿ, ನಾಯಿ ಇರುವವರೆಗೆ ಮರಿಗೆ ಉಳಿಗಾಲವಿಲ್ಲ. ಕೆಲಸ ಬಿಟ್ಟರೆ ಮೂಸಾಕರಿಗೂ ಉಳಿಗಾಲವಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಹೇಳಿದರು: "ಜುವೈರಿಯಾಗೆ ಫೋನು ಮಾಡು. ಆ ಕೋಣೆ ಗುಡಿಸ್ಲಿಕ್ಕೆ ಹೇಳು. ಮೀನು ಇನ್ನು ರಸ್ತೆಯಲ್ಲೇ."

ನೆಬೀಸರ ಕೈಯ ಸೌಟು ಸಾರಿನಲ್ಲೇ ನಿಂತಿತು.

"ನಾನು ಮಂಡಿನೋವು ಅಂತ ಅತ್ತಾಗ ನೀವು ಏಳ್ಲಿಲ್ಲ. ಹೊಳೆ ಒಳಗೆ ಬಂತು, ಆಗ್ಲೂ ಏಳ್ಲಿಲ್ಲ. ಈಗ ನೀರುನಾಯಿಗೆ ಎದ್ರಿ."

"ನೀನು ಒಂದ್ಸಲ ಸಿಳ್ಳೆ ಹಾಕಿದ್ರೆ ಆಗ್ಲೇ ಏಳ್ತಿದ್ದೆ."

ನೆಬೀಸ ನಕ್ಕದ್ದು ಆಚೆ ದಡದ ಗೌಡರಿಗೂ ಕೇಳಿಸಿತಂತೆ.

ಸಾಮಾನು ಸಾಗಿಸಲು ಅಚ್ಚುತ ಗೌಡರೇ ಬಂದರು. ಮಂಚಗಳು ಹೋದವು, ಪಾತ್ರೆ ಹೋಯಿತು, ಊರುಗೋಲು ಹಿಡಿದು ನೆಬೀಸ ಹೋದರು, ಹಿಂದೆ ನೋಡದೆ. ಮೂಸಾಕ ವಾಸನೆ ಸಾಯಲೆಂದು ಅಂಗಳಕ್ಕೆಲ್ಲ ಸುಣ್ಣದ ಹುಡಿ ಚೆಲ್ಲಿ, ಮೀನು ಕೊಯ್ಯುವ ಹಲಗೆಯನ್ನು ಕಂಕುಳಲ್ಲಿಟ್ಟು, ಬೂತಾಯಿ ತುಂಬಿದ ಪೆಟ್ಟಿಗೆಯನ್ನು ತಲೆಗೇರಿಸಿದರು. ಮುಚ್ಚಳ ಬೇಕೆಂದೇ ಅರ್ಧ ತೆರೆದಿತ್ತು.

"ಮುಚ್ಚಳ ಸರಿ ಮಾಡಿ, ವಾಸನೆ ಊರೆಲ್ಲ ಹೋಗ್ತದೆ" ಎಂದರು ಗೌಡರು.

"ಹೋಗ್ಲಿ. ಅದಕ್ಕೇ ತೆರೆದದ್ದು."

ಆಚೆ ದಡದಲ್ಲಿ ನಾಯಿಗಳು ಎದ್ದು ಮೂಗು ಎತ್ತಿದವು. ಮೊದಲು ಕಿವಿ ಹರಿದ ಒಂದು ನಾಯಿ ನೀರಿಗಿಳಿಯಿತು, ಹಿಂದೆ ಉಳಿದವು. ಬಂಡೆಯ ಸಂದಿಯ ಕಡೆ ಒಂದೂ ತಿರುಗಲಿಲ್ಲ. ಮೂಸಾಕ ಬಾಗಿಲು ಎಳೆದುಕೊಂಡು, "ಬನ್ನಿ ಬನ್ನಿ, ಮೇಲೆಯೇ ಊಟ" ಎನ್ನುತ್ತ ದರೆಯ ಮೆಟ್ಟಿಲು ಹತ್ತತೊಡಗಿದರು. ಅವರ ಹಿಂದೆ ಸಾಲಾಗಿ ನಾಯಿಗಳು, ನಾಯಿಗಳ ಹಿಂದೆ ನಗು ತಡೆಯಲಾಗದೆ ಅಚ್ಚುತ ಗೌಡರು.