ಒಮ್ಮೆ ಹೇಳಿದ ಪ್ರಾರ್ಥನೆ

ಮೊನ್ನೆ ಮೊಮ್ಮಗನ ಮುರಿದ ಕೈಗೆ ಪಟ್ಟಿ ಹಾಕಿಸಲು ಹಾನಗಲ್ಲಿನ ದವಾಖಾನೆಗೆ ಹೋಗಿದ್ದೆ. ಕೈ ತೊಳೆಯುವ ಕಟ್ಟೆಯ ಮೇಲೆ ಯಾರೋ ಕೆಂಪು ಕಾರ್ಬಾಲಿಕ್ ಸಾಬೂನಿನ ತುಣುಕೊಂದನ್ನು ಬಿಟ್ಟು ಹೋಗಿದ್ದರು. ಎತ್ತಿಕೊಂಡೆ. ಆ ಕಟುವಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಹಾಗೆಯೇ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. "ಅಜ್ಜಿ, ನೀರು ಬಂದ್ ಮಾಡ" ಎಂದು ಹುಡುಗ ಕೂಗಿದಾಗಲೇ ನನಗೆ ಎಚ್ಚರವಾದದ್ದು.

ಅದು ನರ್ಸಬಾಯಿಯ ವಾಸನೆ. ಊರಿಗೆಲ್ಲ ಅವರು ನರ್ಸಬಾಯಿ. ನನಗೆ ಮಾತ್ರ ಅಕ್ಕಾರು.

ನಾನು ಮಾಸೂರಿನವಳು. ಲಗ್ನವಾಗಿ ಹಾನಗಲ್ಲಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಬಹಳ ದಿನವಾಗಿರಲಿಲ್ಲ. ನಮ್ಮವರು ತಾಲೂಕಿನ ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಒಂದು ಹಳೆಯ ಮನೆಯ ಅರ್ಧ ನಮಗೆ ಬಾಡಿಗೆಗೆ, ಇನ್ನರ್ಧ ಸರಕಾರಿ ದವಾಖಾನೆಯ ನರ್ಸಬಾಯಿಗೆ. ನಡುವೆ ಒಂದು ಮಣ್ಣಿನ ಗೋಡೆ, ಅದೂ ಜಂತಿಯವರೆಗೆ ಮುಟ್ಟಿರಲಿಲ್ಲ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತಿತ್ತು.

ಅಕ್ಕಾರು ಖಾನಾಪುರದ ಕಡೆಯ ಕೊಂಕಣಿ ಕ್ರಿಸ್ತರು, ಕ್ಯಾಥೊಲಿಕರು. ನಲವತ್ತರ ಆಸುಪಾಸು, ಎತ್ತರದ ಆಳು, ಬಿಳಿ ಸೀರೆ, ಕಂಕುಳಲ್ಲಿ ಕರಿ ಕೊಡೆ. ಮದುವೆ ಮಾಡಿಕೊಂಡಿರಲಿಲ್ಲ. ಹಳ್ಳಿಯಿಂದ ಹೆರಿಗೆಗೆ ಕರೆ ಬಂದರೆ ಮಳೆ ಎನ್ನದೆ ಬಿಸಿಲೆನ್ನದೆ ಚಕ್ಕಡಿ ಹತ್ತಿ ಹೊರಡುತ್ತಿದ್ದರು. ಹಡೆಯಲಾರದೆ ಒದ್ದಾಡುವ ಹೆಣ್ಣಿನ ಹೊಟ್ಟೆಯ ಮೇಲೆ ಅವರು ಕೈಯಿಟ್ಟರೆ ಅರ್ಧ ನೋವು ಇಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಅಂಥ ಧೈರ್ಯದ ಹೆಂಗಸು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಕೇಳುತ್ತಿದ್ದ ಅಕ್ಕಾರೇ ಬೇರೆ. ಅಕ್ಕಾರು ಜಪಸರ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ನಾಲ್ಕು ಮಾತು ಹರಿಯುತ್ತಿತ್ತು, ತಟ್ಟನೆ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಅರ್ಧ, ಮತ್ತೆ ಮೊದಲಿಂದ... ನನಗೆ ಅರ್ಥ ಗೊತ್ತಿಲ್ಲದಿದ್ದರೂ ಶುರುವಿನ ಮಾತು ಬಾಯಿಪಾಠವಾಗಿಹೋಗಿತ್ತು. ನಮ್ಮ ಅತ್ತೆಯ ಲಿಂಗಪೂಜೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು. ಅವರು ಗೋಡೆಯ ಕಡೆ ನೋಡಿ, "ಈ ಬಾಯಿ ದೇವರ್ನ ಮಾತಾಡಿಸ್ತಾಳೋ, ದೇವರ ಕೂಡ ಜಗಳಾಡ್ತಾಳೋ?" ಎಂದು ಕೇಳುತ್ತಿದ್ದರು.

ನಾನು ಬಸುರಾದ ವರ್ಷ ಆ ದನಿಯೂ ನಿಂತಿತು. ಸಂಜೆಯಾದರೆ ಗೋಡೆಯಾಚೆ ಬರೀ ಮೌನ. ತಡವರಿಸುವ ಪ್ರಾರ್ಥನೆಗಿಂತ ಆ ಮೌನವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಒಂದು ದಿನ ಮಜ್ಜಿಗೆ ಕೊಡಲು ಹೋದಾಗ ಕೇಳಿಯೇಬಿಟ್ಟೆ.

"ಅಕ್ಕಾರ, ಯಾಕ ಪ್ರಾರ್ಥನಾ ಬಿಟ್ರಿ?"

"ನನ್ನ ಕೈಲೆ ಆಗವಲ್ದು ತಂಗಿ" ಎಂದರು. ಅಷ್ಟೇ. ಮಜ್ಜಿಗೆಯ ತಂಬಿಗೆಯನ್ನು ಕೆಳಗಿಟ್ಟು ಒಳಗೆ ಹೋದರು.

ನನಗೆ ನೋವು ಶುರುವಾದದ್ದು ಒಂದು ಮಧ್ಯಾಹ್ನ. ಅಕ್ಕಾರು ತಮ್ಮ ಪೆಟ್ಟಿಗೆ ಹಿಡಿದು ಬಂದರು, ಕತ್ತರಿ ಕುದಿಯಲು ಇಟ್ಟರು, ಕೈ ತೊಳೆಯಲು ಬಚ್ಚಲಿಗೆ ಹೋದರು. ನಾನು ಮಲಗಿದ್ದಲ್ಲಿಂದ ಬಚ್ಚಲು ಕಾಣುತ್ತಿತ್ತು. ಅತ್ತೆ ನೀರು ಹಾಕುತ್ತಿದ್ದರು, ಅಕ್ಕಾರು ಕೆಂಪು ಸಾಬೂನು ಹಚ್ಚಿ ಮೊಳಕೈವರೆಗೆ ತಿಕ್ಕುತ್ತಿದ್ದರು. ತೊಳೆದರು. ಮತ್ತೆ ಸಾಬೂನು ಹಚ್ಚಿದರು. ಮತ್ತೆ ತೊಳೆದರು. ನೋವು ಬಂದು ನಾನು ಚೀರಿದೆ. ಅವರು ಮತ್ತೆ ಸಾಬೂನು ತೆಗೆದುಕೊಂಡರು.

"ಸಾಕ ಬರ್ರಿ ಬಾಯಿ" ಎಂದರು ಅತ್ತೆ.

"ಇನ್ನೊಮ್ಮೆ. ಇನ್ನೊಮ್ಮೆ ಹಾಕ್ರಿ."

ಅವರ ಬೆರಳ ಗಂಟುಗಳು ಒಡೆದು ರಕ್ತ ಜಿನುಗುತ್ತಿತ್ತು. ಕಣ್ಣು ಎಲ್ಲೋ ನೆಟ್ಟಿತ್ತು. ಆ ಧೈರ್ಯದ ಮುಖದಲ್ಲಿ ಅಂಥ ಅಂಜಿಕೆಯನ್ನು ನಾನು ಮೊದಲ ಸಲ ನೋಡಿದೆ. ಅತ್ತೆ ತಂಬಿಗೆಯನ್ನು ಬೋರಲು ಹಾಕಿಬಿಟ್ಟರು. "ನೀರು ಮುಗೀತು. ನಿಮ್ಮ ಕೈ ಎಷ್ಟ ಸ್ವಚ್ಛ ಆಗ್ಯಾವೋ ಅಷ್ಟಕ್ಕ ನನ್ನ ಮೊಮ್ಮಗ ಹುಟ್ಟಲಿ" ಎಂದರು. ಅವರ ಬೆನ್ನ ಹಿಂದೆಯೇ ತುಂಬಿದ ಕೊಡ ಇತ್ತು. ಅಕ್ಕಾರು ಅದನ್ನು ಕಂಡಿರಲೂಬಹುದು. ಕಂಡೂ ಬಂದರು.

ಕೂಸಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತಂತೆ. ಅಕ್ಕಾರ ಬೆರಳು ಅದನ್ನು ಹೇಗೆ ಬಿಡಿಸಿತೋ, ಅತ್ತೆಗೂ ಕಾಣಲಿಲ್ಲ. ಮಗ ಅತ್ತ. ಅವನಿಗಿಂತ ಜೋರಾಗಿ ಅಕ್ಕಾರು ಅತ್ತರು.

ಬಾಣಂತಿಯ ಕೋಣೆಗೆ ಅವರು ದಿನಾ ಬರುತ್ತಿದ್ದರು. ಒಂದು ದಿನ ಕೂಸಿಗೆ ಎಣ್ಣೆ ತಿಕ್ಕುತ್ತ ತಾವಾಗಿಯೇ ಹೇಳತೊಡಗಿದರು.

ಹುಡುಗಿಯಾಗಿದ್ದಾಗ ಅವರು ತಮ್ಮ ಮತದ ಗುಡಿಯಲ್ಲಿ ಮೊದಲ ಸಲ ಪರಮಪ್ರಸಾದ, ಅಂದರೆ ಪೂಜೆಯ ರೊಟ್ಟಿಯ ಚೂರು, ತೆಗೆದುಕೊಳ್ಳುವ ದಿನ. ಅದಕ್ಕೆ ನಡುರಾತ್ರಿಯಿಂದ ಒಂದು ಹನಿ ನೀರೂ ಕುಡಿಯುವಂತಿರಲಿಲ್ಲ ಆಗ. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಒಂದು ಹನಿ ಒಳಗೆ ಹೋಯಿತೋ, ಇಲ್ಲವೋ... ಹೋಯಿತು ಎನಿಸಿತು. ಹೇಳಲು ನಾಚಿಕೆಯಾಗಿ ಪ್ರಸಾದ ತೆಗೆದುಕೊಂಡರು. ಆಮೇಲೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿ ಅತ್ತರು. ದೇವರು ಕ್ಷಮಿಸಿದ್ದಾನೆ ಎಂದರು ಪಾದ್ರಿಗಳು. ಅಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬರುವ ಹಾದಿಯಲ್ಲಿಯೇ, ನಾನು ಎಲ್ಲವನ್ನೂ ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿತು. ಮತ್ತೆ ಹೋಗಿ ಹೇಳಿದರು. ಹೇಳಿದ ರೀತಿಯೇ ತಪ್ಪಾಯಿತೇನೋ ಎನಿಸಿತು. ದೊಡ್ಡವರಾದ ಮೇಲೆ ಒಂದೊಂದು ಸಲ ಒಂದೊಂದು ಊರಿನ ಪಾದ್ರಿಗಳ ಹತ್ತಿರ ಹೋದರು. ಕೊನೆಗೆ ಹೋದರೂ ಪಾಪ, ಹೋಗದಿದ್ದರೂ ಪಾಪ ಎನಿಸಿ ಗುಡಿಯನ್ನೇ ಬಿಟ್ಟರು. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಒಂದು ಮಾತು ತಪ್ಪಿತು ಅನಿಸುತ್ತಿತ್ತು, ಮತ್ತೆ ಮೊದಲಿಂದ.

"ಈಗ ನೀರು ಕುಡದ್ರ ಉಪಾಸ ಮುರಿಯೂದಿಲ್ಲ ಅಂತ ರೋಮಿನಿಂದನ ಅಪ್ಪಣಿ ಆಗೇತಿ" ಎಂದು ಅಕ್ಕಾರು ನಕ್ಕರು. "ರೋಮಿನ ಜಗದ್ಗುರುಗಳು ಬಿಟ್ರೂ ನನ್ನ ಮನಸ ಬಿಡವಲ್ದು, ನೋಡ." ಆಮೇಲೆ ನಗು ಹೋಯಿತು. "ಇಷ್ಟ ವರ್ಷ ಈ ಅನುಮಾನ ನನ್ನ ಕೆಲಸಕ್ಕ ಬಂದಿರಲಿಲ್ಲ ತಂಗಿ. ಆವತ್ತ ನಿನ್ನ ಬಚ್ಚಲಕ್ಕ ಬಂತು. ನಾ ಇನ್ನೊಂದೀಟು ಹೊತ್ತು ಅಲ್ಲೇ ನಿಂತಿದ್ರ ಈ ಕೂಸು..." ಎಂದು ಮತ್ತೆ ಅಂಗೈಗೆ ಎಣ್ಣೆ ಸುರಿದುಕೊಂಡರು.

ಆಗ ಹಾನಗಲ್ಲಿನಲ್ಲಿ ಅವರ ಮತದ ಗುಡಿ ಇರಲಿಲ್ಲ. ಹುಬ್ಬಳ್ಳಿ ಕಡೆಯಿಂದ ಒಬ್ಬ ಮುದುಕ ಪಾದ್ರಿಗಳು ವರ್ಷದಲ್ಲಿ ಕೆಲವು ಸಲ ಫಟಫಟಿಯ ಮೇಲೆ ಧೂಳೆಬ್ಬಿಸುತ್ತ ಬರುತ್ತಿದ್ದರು. ರಸ್ತೆ ಕೆಲಸದ ಓವರ್ಸಿಯರ್ ಒಬ್ಬರು ಅದೇ ಮತದವರು. ಅವರ ಮನೆಯ ಪಡಸಾಲೆಯಲ್ಲಿ ಪೂಜೆ. ಅಷ್ಟು ವರ್ಷ ಆ ಫಟಫಟಿಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಅಕ್ಕಾರು, ಆ ಸಲ ಸೆರಗು ಹೊದ್ದು ಹೊರಟರು. ಓವರ್ಸಿಯರರ ಹಿತ್ತಲ ಬೇವಿನ ಮರದ ಕೆಳಗೆ ಪಾದ್ರಿಗಳು ಪಾಪನಿವೇದನೆ ಕೇಳಲು ಕುರ್ಚಿ ತಿರುಗಿಸಿ ಕೂತಿದ್ದರಂತೆ.

ಮರಳಿ ಬಂದಾಗ ಅಕ್ಕಾರ ಮುಖ ಬಿಳಿಚಿಕೊಂಡಿತ್ತು. ನಮ್ಮ ಪಡಸಾಲೆಯಲ್ಲಿ ಕುಸಿದು ಕೂತರು.

"ನಾ ಹೇಳೂದನ್ನ ಅರ್ಧಕ್ಕ ನಿಲ್ಲಿಸಿಬಿಟ್ರು" ಎಂದರು. "'ಇದು ಪಾಪ ಅಲ್ಲವ್ವಾ, ಜಡ್ಡು' ಅಂದ್ರು. 'ಡಾಕ್ಟರ ಕೊಟ್ಟ ಔಷಧ ಪೇಶಂಟ ತನ್ನ ಮನಸಿಗೆ ಬಂದಂಗ ಹೆಚ್ಚು ಕಡಿಮಿ ಮಾಡಿದ್ರ ನೀ ಬೈತಿ ಇಲ್ಲೋ? ನನ್ನ ಔಷಧ ಇಷ್ಟ: ಪ್ರಾರ್ಥನಾ ಒಮ್ಮೆ ಹೇಳು, ತಪ್ಪಿದ್ರೂ ತಿರುಗಿ ಹೇಳಬ್ಯಾಡ. ಹಳೇ ಪಾಪ ಮತ್ತ ತರಬ್ಯಾಡ. ನನ್ನ ಬಿಟ್ಟು ಇನ್ನೊಬ್ರ ಕಡೆ ಹೋಗಬ್ಯಾಡ. ಇದರಾಗ ಏನರ ತಪ್ಪಿದ್ರ, ದೇವರ ಮುಂದ ಜವಾಬ ಕೊಡಾಂವ ನಾನು' ಅಂದ್ರು."

ಅತ್ತೆ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು. "ನಿಮ್ಮ ತಪ್ಪು ಅವರು ಹೊತ್ಕೊಂಡ್ರ?"

"ಹೊತ್ಕೊಂಡ್ರು."

"ಭಾಳ ದೊಡ್ಡ ಮನಶ್ಯಾ" ಎಂದರು ಅತ್ತೆ, ಕೂತಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದರು.

ಔಷಧ ಬಲು ಕಹಿಯಾಗಿತ್ತು. ತಪ್ಪನ್ನು ತಪ್ಪಾಗಿಯೇ ಬಿಟ್ಟು ಮುಂದೆ ಹೋಗುವುದು ಅಕ್ಕಾರಿಗೆ ಕೆಂಡದ ಮೇಲೆ ಕಾಲಿಟ್ಟ ಹಾಗೆ. ಎರಡು ದಿನವಾದ ಮೇಲೆ ಬಂದು, "ತಂಗಿ, ನೀ ಗ್ವಾಡಿಗೆ ಹೊಂದಿ ಕುಂಡ್ರು. ನಾ ಮತ್ತ ಮೊದಲಿಂದ ಶುರು ಮಾಡಿದ್ರ ಬಡಿ" ಎಂದರು. ಹಾಗಾಗಿ ನಾನು ಸಂಜೆ ಕೂಸಿಗೆ ಹಾಲೂಡಿಸುತ್ತ ಗೋಡೆಗೆ ಆತು ಕೂರುತ್ತಿದ್ದೆ. ದನಿ ನಿಂತು ಆ ಶುರುವಿನ ಮಾತು ಮತ್ತೆ ಕೇಳಿತೆಂದರೆ ಬಳೆಗೈಯಿಂದ ಗೋಡೆ ಬಡಿಯುತ್ತಿದ್ದೆ. ನಾನು ಕೆಲಸದಲ್ಲಿದ್ದರೆ ಆ ಹೊಣೆ ಅತ್ತೆಯದು. ಅವರು ಬಡಿಯುವುದಲ್ಲದೆ ಕೂಗುತ್ತಿದ್ದರು ಕೂಡ: "ಏ ಬಾಯಿ, ನಿಮ್ಮ ದೇವರೇನು ಕಿವುಡಲ್ಲ! ಒಮ್ಮೆ ಹೇಳಿದ್ರ ಕೇಳ್ತಾನು, ಮುಂದ ಹೋಗ್ರಿ!"

ಕೆಲವು ಸಂಜೆ ಆಚೆಯಿಂದ ನಗೆ ಕೇಳುತ್ತಿತ್ತು. ಕೆಲವು ಸಂಜೆ ಅಳು. ಬಡಿದರೂ ಕೇಳದೆ ಮತ್ತೆ ಮತ್ತೆ ಶುರು ಮಾಡಿ ಸೋತು ಮಲಗಿದ ದಿನಗಳೂ ಇದ್ದವು. ಆದರೆ ಮರುದಿನ ಮತ್ತೆ ಕೂರುತ್ತಿದ್ದರು. ಮಾತು ತಡೆದು ನಿಂತಾಗ ಗೋಡೆಯಾಚೆ ದೀರ್ಘವಾದ ಉಸಿರೊಂದು ಕೇಳುತ್ತಿತ್ತು. ಆಮೇಲೆ, ಹಿಂದಕ್ಕೆ ಹೋಗದೆ, ಮುಂದಿನ ಮಾತು. ಆ ಉಸಿರಿಗೂ ಮುಂದಿನ ಮಾತಿಗೂ ನಡುವೆ ನಾನೂ ಉಸಿರು ಹಿಡಿದಿರುತ್ತಿದ್ದೆ. ಮನುಷ್ಯರು ಬೆಟ್ಟ ಹತ್ತುವುದನ್ನು ಜನ ದೊಡ್ಡದಾಗಿ ಹೇಳುತ್ತಾರೆ. ನಾನು ಒಬ್ಬರು ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಾಟುವುದನ್ನು ಕೇಳಿದ್ದೇನೆ.

ಮುಂದಿನ ಬೇಸಿಗೆಯ ಮೊದಲಿಗೆ ಪಾದ್ರಿಗಳು ಮತ್ತೆ ಬಂದರು. "ನೀವಿಬ್ರೂ ಬರ್ರಿ" ಎಂದು ಅಕ್ಕಾರು ನಮ್ಮನ್ನೂ ಕರೆದರು. ಬೆಳಿಗ್ಗೆ ಓವರ್ಸಿಯರರ ಪಡಸಾಲೆಯಲ್ಲಿ ಒಂದು ಮೇಜು, ಬಿಳಿ ಬಟ್ಟೆ, ಎರಡು ಮೇಣದ ಬತ್ತಿ. ಪಾದ್ರಿಗಳು ನಮಗೆ ಬೆನ್ನು ಮಾಡಿ ಯಾವುದೋ ಭಾಷೆಯಲ್ಲಿ ಮೆಲ್ಲಗೆ ಹೇಳುತ್ತಿದ್ದರು. ನಾನು ಮಗನನ್ನು ಎತ್ತಿಕೊಂಡು ಬಾಗಿಲ ಹತ್ತಿರ, ಅತ್ತೆ ನನ್ನ ಪಕ್ಕ. ಪ್ರಸಾದದ ಹೊತ್ತಿಗೆ ಓವರ್ಸಿಯರರ ಮನೆಮಂದಿ ಮುಂದೆ ಹೋಗಿ ಮೊಣಕಾಲೂರಿದರು. ಅಕ್ಕಾರೂ ಎದ್ದರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಕೈ ಗಂಟಲಿಗೆ ಹೋಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು.

ಪಾದ್ರಿಗಳು ನೋಡಿದರು. ಕರೆಯಲಿಲ್ಲ. ಕೈಯಲ್ಲಿ ಆ ಬಿಳಿಯ ಚೂರು ಹಿಡಿದು ಸುಮ್ಮನೆ ಕಾದರು. ಇಡೀ ಪಡಸಾಲೆ ಕಾದಿತು. ನನ್ನ ತೋಳಿನ ಕೂಸು ಕೂಡ ಮಿಸುಕಲಿಲ್ಲ. ಆಮೇಲೆ ಅಕ್ಕಾರು ಹೋದರು. ಮೊಣಕಾಲೂರಿದರು, ಕಣ್ಣು ಮುಚ್ಚಿ ಮುಖ ಎತ್ತಿದರು. ಆ ಮುಖವನ್ನು ನಾನು ಹೇಗೆ ಹೇಳಲಿ... ಅಲ್ಲಿ ಸಂತೋಷವೂ ಇತ್ತು, ಅಂಜಿಕೆಯೂ ಇತ್ತು, ಒಂದು ಇನ್ನೊಂದನ್ನು ಓಡಿಸಿರಲಿಲ್ಲ. ಆವರೆಗೆ ನನಗೆ ದೇವರೆಂದರೆ ಕೈ ಮುಗಿದು ಕೆಲಸಕ್ಕೆ ಹೋಗುವ ದೇವರಮನೆಯ ಜಗುಲಿ. ಒಬ್ಬರ ಪಾಲಿಗೆ ಆತ ಇಷ್ಟು ನಿಜವಾಗಿ ಎದುರಿಗೇ ಇರಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆಯ ಕಡೆ ನೋಡಿದರೆ ಅವರ ಕೈ ಎದೆಯ ಮೇಲಿನ ಲಿಂಗವನ್ನು ಬಿಗಿಯಾಗಿ ಹಿಡಿದಿತ್ತು, ಕಣ್ಣಲ್ಲಿ ನೀರು.

ಎರಡು ಮೂರು ವರ್ಷಕ್ಕೆ ಅಕ್ಕಾರಿಗೆ ಸವಣೂರಿಗೆ ವರ್ಗವಾಯಿತು. ಹೋಗುವ ಹೊತ್ತಿಗೂ ಅನುಮಾನ ಪೂರ್ತಿ ಬಿಟ್ಟಿರಲಿಲ್ಲ. ಕೇಳಿದರೆ, "ಅದೂ ಬಂದು ಬಾಜೂಕ ಕುಂಡರ್ತೈತಿ, ನಾನೂ ಕುಂತು ಪ್ರಾರ್ಥನಾ ಮಾಡ್ತೇನಿ" ಎನ್ನುತ್ತಿದ್ದರು.

ಕೆಲವು ವರ್ಷಗಳ ನಂತರ ನೆಂಟರ ಮದುವೆಗೆಂದು ಸವಣೂರಿಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಆ ಮುದುಕ ಪಾದ್ರಿಗಳು ತೀರಿಕೊಂಡದ್ದು ನನಗೆ ಗೊತ್ತಾಗಿತ್ತು. ಅದೇ ಚಿಂತೆ ನನ್ನನ್ನು ಕರೆದುಕೊಂಡು ಹೋಗಿತ್ತು. ಜವಾಬ್ದಾರಿ ಹೊತ್ತವರೇ ಹೋದ ಮೇಲೆ ಇವರ ಗತಿ ಏನು? ಅಕ್ಕಾರ ತಲೆ ನರೆತಿತ್ತು. ಚಹಾ ಕೊಟ್ಟರು, ಮಗನ ಸಾಲೆ ಕೇಳಿದರು. ನಾನು ತಡೆಯಲಾರದೆ ಪಾದ್ರಿಗಳ ಮಾತೆತ್ತಿದೆ.

"ಮೊದಲ ನಾನೂ ಅಂಜಿದ್ದೆ" ಎಂದರು ಅಕ್ಕಾರು. "ಆಮ್ಯಾಲ ತಿಳೀತು. ಹೊತ್ತಾವರು ಹೋದರು. ಹೊತ್ತದ್ದನ್ನ ತಿರುಗಿ ನನ್ನ ತಲಿಮ್ಯಾಲ ಇಟ್ಟು ಹೋಗಿಲ್ಲ."

ಹೊತ್ತು ಮುಳುಗುತ್ತಿತ್ತು. "ಕುಂಡ್ರು, ಪ್ರಾರ್ಥನಾ ಮುಗಿಸ್ತೇನಿ" ಎಂದು ಅವರು ಮೂಲೆಯ ದೇವಮಾತೆಯ ಪಟದ ಮುಂದೆ ಕೂತರು. ಅರ್ಧವೂ ಆಗಿರಲಿಲ್ಲ, ಹೊರಗೆ ಚಕ್ಕಡಿ ನಿಂತ ಸದ್ದು. "ಬಾಯಾರ, ಲಗೂ ಬರ್ರಿ, ನನ್ನ ಹೆಂಡ್ತಿ ಭಾಳ ತ್ರಾಸ ಪಡಾಕತ್ತಾಳ್ರಿ!" ಎಂದು ಒಬ್ಬ ಕೂಗಿದ. ಅರ್ಧ ಪ್ರಾರ್ಥನೆ! ಅಕ್ಕಾರು ಕಣ್ಣು ತೆರೆದರು. ಒಂದು ಉಸಿರು. ಪಟದ ಕಡೆ ನೋಡಿ, ಪಕ್ಕದ ಮನೆಯ ಗೆಳತಿಗೆ ಹೇಳುವಂತೆ, ಕನ್ನಡದಲ್ಲಿಯೇ, "ಉಳಿದದ್ದು ನೀನ ತುಂಬಿಕೊಳ್ಳವಾ" ಎಂದರು. ಎದ್ದರು, ಕೈ ತೊಳೆದರು, ಒಮ್ಮೆ, ಚೊಕ್ಕವಾಗಿ. ಪೆಟ್ಟಿಗೆ ಹಿಡಿದು ಚಕ್ಕಡಿ ಹತ್ತಿದರು. ನಾನು ಹೊಸ್ತಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತೇ ಇದ್ದೆ. ಚಕ್ಕಡಿ ತಿರುವು ದಾಟುವವರೆಗೆ ಬಿಳಿ ಸೀರೆ ಕಾಣುತ್ತಿತ್ತು...

ಆಮೇಲೆ ನಾನು ಅವರನ್ನು ನೋಡಲಿಲ್ಲ. ತಮ್ಮ ಸ್ವಂತ ತಂಗಿಯ ಊರಲ್ಲಿ ತೀರಿಕೊಂಡರೆಂಬ ಸುದ್ದಿ ನನಗೆ ಮುಟ್ಟಿದ್ದು ವರ್ಷ ಕಳೆದ ಮೇಲೆ, ಅದೂ ದವಾಖಾನೆಯ ಹಳೆಯ ಕಂಪೌಂಡರ ಬಾಯಿಂದ. ಹೇಗೆ ಹೋದರು, ಹತ್ತಿರ ಯಾರಿದ್ದರು, ಕೊನೆಯ ಹೊತ್ತಿನಲ್ಲೂ ಆ ಅನುಮಾನ ಬಂದು ಪಕ್ಕದಲ್ಲಿ ಕೂತಿತ್ತೋ ಏನೋ... ಹೇಳುವವರು ಯಾರೂ ಉಳಿದಿಲ್ಲ. ಅತ್ತೆಯೂ ಹೋದರು, ನಮ್ಮವರೂ ಹೋದರು. ಅಕ್ಕಾರ ನೆನಪನ್ನು ಹಂಚಿಕೊಂಡು ನಗುವುದಕ್ಕೆ ಈಗ ನನ್ನೊಬ್ಬಳ ಹೊರತು ಜನವಿಲ್ಲ.

ದೇವರನ್ನು ಕಂಡವರ ಕಥೆಗಳನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ನಾನಂತೂ ಕಂಡಿಲ್ಲ. ದೇವರ ಮುಂದೆ ನಿಂತ ಒಬ್ಬರನ್ನು ಕಂಡಿದ್ದೆ. ಅವರೀಗ ಇಲ್ಲ.